ನಾಲ್ಕು ಬೆರಳಿನ ಅಂಚು

“ಎಲ್ಲಿ ಬರೀಲಪ್ಪ?” ಎಂದು ಲಕ್ಕಮ್ಮ ಪೆನ್ನು ಹಿಡಿದುಕೊಂಡು ಕೇಳಿದಳು. ಬಗ್ಗಿ ನೋಡಿದೆ. ಬರೆಯಲು ಜಾಗವೇ ಇರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಹೊಳೆನರಸೀಪುರದ ನೋಂದಣಿ ಕಚೇರಿಯ ಎದುರು ಕೂತು ಪತ್ರ ಟೈಪ್ ಮಾಡುತ್ತಿರುವ ನಟರಾಜ ಎಂಬ ಮಹಾಜಾಣ ತಯಾರಿಸಿದ ಹಾಳೆ ಅದು. ಆ ಮಹಾಜಾಣ ನಾನೇ.

ಲಕ್ಕಮ್ಮ ಹರದನಹಳ್ಳಿ ಕಡೆಯ ಹೆಣ್ಣುಮಗಳು. ತವರಿನ ಎರಡೆಕರೆ ಹೊಲದಲ್ಲಿ ತನಗೆ ಬರಬೇಕಾದ ಪಾಲನ್ನು ತಮ್ಮ ಕೃಷ್ಣಪ್ಪನಿಗೆ ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಲು ಬಂದಿದ್ದಳು. ರುಜು ಪ್ರತಿ ಹಾಳೆಯ ಎಡ ಅಂಚಿನಲ್ಲಿ ಬೀಳಬೇಕು. ಅಲ್ಲಿ ಇರುವೆ ಸಾಲು ಹೋಗುವಷ್ಟು ಮಾತ್ರ ಬಿಳಿ ಉಳಿದಿತ್ತು.

ಅದಕ್ಕೆಲ್ಲ ಕಾರಣ ನನ್ನ ಹೊಸ ಗುಂಡಿ. ಮೂರು ದಿನ ಮೊಬೈಲಿನಲ್ಲಿ ವಿಡಿಯೊ ನೋಡಿ ನಾನೇ ಮಾಡಿಕೊಂಡಿದ್ದೆ. ಒಂದು ಸಲ ಒತ್ತಿದರೆ ಸಾಕು, ಕಂಪ್ಯೂಟರಿನಲ್ಲಿರುವ ಅಷ್ಟೂ ಪತ್ರಗಳ ನಾಲ್ಕೂ ಕಡೆಯ ಮಾರ್ಜಿನ್ ತಾನೇ ಕೂತುಬಿಡುತ್ತದೆ. ಇನ್ನೂ ಒಂದೊಂದಾಗಿ ಕೂರಿಸುವ ಪಕ್ಕದಂಗಡಿಯ ಗೌರೀಶನನ್ನು ಕರೆದು ತೋರಿಸಿ, ಕಾಲ ಬದಲಾಗಿದೆ ಎಂದು ಉಪದೇಶ ಮಾಡಿ, ಅವನ ಖರ್ಚಿನಲ್ಲೇ ಟೀ ಕುಡಿದಿದ್ದೆ. ಏಳು ಹಾಳೆಯ ಪತ್ರ ಐದಕ್ಕೆ ಇಳಿದಾಗ ಅದನ್ನೂ ನನ್ನ ಬುದ್ಧಿವಂತಿಕೆಯ ಲೆಕ್ಕಕ್ಕೇ ಹಾಕಿಕೊಂಡಿದ್ದೆ. ನಾನು ಒಂದೂವರೆ ಇಂಚು ಎಂದುಕೊಂಡು ಕೊಟ್ಟ ಅಂಕಿಯನ್ನು ಅದು ಒಂದೂವರೆ ಸೆಂಟಿಮೀಟರ್ ಎಂದು ತೆಗೆದುಕೊಂಡಿದೆ ಎಂಬುದು ಈಗ ಹೊಳೆಯಿತು.

“ಎಬ್ಬೆಟ್ಟು ಒತ್ತಕ್ಕ, ಇಡಿಸ್ತದೆ,” ಎಂದ ಕೃಷ್ಣಪ್ಪ. “ನಮ್ ಸರದಿ ಬಂದ್ಬುಡ್ತದೆ.”

“ಅಪ್ಪ ಸತ್ತಾಗ ಒತ್ತು ಅಂದೆ, ಒತ್ದೆ. ಯಾಕೆ ಅಂತ ಕೇಳ್ನಿಲ್ಲ. ಈಗ ಎಂಗಸ್ರ ಸಂಗದಾಗೆ ನನ್ನೆಸ್ರು ಬರ್ಯದು ಕಲ್ತಿವ್ನಿ ಕಣ್ಲಾ. ಮೂರೇ ಅಕ್ಸರ. ಆದ್ರೆ ನಂದು ವಸಿ ದಪ್ಪ.” ಆಕೆ ಎಡಗೈಯ ನಾಲ್ಕು ಬೆರಳನ್ನು ಹಾಳೆಯ ಅಂಚಿಗೆ ಜೋಡಿಸಿಟ್ಟಳು. ಬೆರಳ ಕೆಳಗೆ ನನ್ನ ಅಕ್ಷರಗಳು ಮುಚ್ಚಿಹೋದವು. “ಈಟು ಬೇಕು. ಜಾಗ ಬುಟ್ಕೊಡಕೆ ಬಂದೋಳ್ಗೆ ನಾಕು ಬೆರಳು ಜಾಗ ಬುಡ್ದೆ ಬರ್ದಿದ್ದೀಯಲ್ಲಪ್ಪ.”

ನನಗೆ ನಾಚಿಕೆಯಾಯಿತು. ಗುಂಡಿಯ ಮೇಲೆ ನಂಬಿಕೆ ಹೋಗಿತ್ತು. ಗೌರೀಶನ ಅಂಗಡಿಗೆ ಹೋಗಿ ಸ್ಕೇಲು ಕೇಳಿದೆ. ಅವನು ಸ್ಕೇಲು ಕೊಡುತ್ತಾ “ಟೀ ತರಿಸ್ಲಾ?” ಎಂದು ಮಾತ್ರ ಕೇಳಿದ. ಬಂದು ಕೂತು, ಹಾಳೆಯ ಮೇಲೆ ಅಳೆದು, ಆಕೆಯ ಬೆರಳಿಗೆ ಸರಿಯಾಗುವ ಹಾಗೆ ಕೈಯಾರೆ ಅಂಚು ಕೂರಿಸಿ ಪ್ರಿಂಟಿಗೆ ಕೊಟ್ಟೆ.

“ಅದು ಬರೋಗಂಟ ಏನ್ ಬರ್ದಿದ್ದೀಯ ಓದಪ್ಪ,” ಎಂದಳು ಲಕ್ಕಮ್ಮ.

ಓದಿದೆ. “ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ, ಸದರಿ ಸ್ವತ್ತಿನಲ್ಲಿ ಇನ್ನು ಮುಂದೆ ನನಗಾಗಲಿ ನನ್ನ ಮಕ್ಕಳಿಗಾಗಲಿ ಯಾವುದೇ ಹಕ್ಕು ಇರುವುದಿಲ್ಲವೆಂದು...” ಈ ಸಾಲನ್ನು ನಾನು ಎಷ್ಟು ಸಾವಿರ ಸಲ ಹಳೆಯ ಪತ್ರದಿಂದ ಹೊಸ ಪತ್ರಕ್ಕೆ ಅಂಟಿಸಿದ್ದೇನೋ. ಅದರ ಒಡತಿಯ ಎದುರು ಕೂತು ಗಟ್ಟಿಯಾಗಿ ಓದಿದ್ದು ಇದೇ ಮೊದಲು. ಓದುತ್ತಾ ಹೋದಂತೆ ನನ್ನ ದನಿ ಸಣ್ಣಗಾಯಿತು.

“ಮಕ್ಳಿಗೂ ಇಲ್ವಾ?”

“ಎಲ್ಲಾ ಪತ್ರದಾಗೂ ಅಂಗೇ ಬರೀತಾರೆ ಕಣಕ್ಕ. ಬೇಕಾರೆ ಇವ್ರುನ್ನೇ ಕೇಳು,” ಎಂದ ಕೃಷ್ಣಪ್ಪ.

ಹೌದೆಂದು ತಲೆಯಾಡಿಸಿದೆ. ಸುಳ್ಳೇನಲ್ಲ, ಆ ಎಲ್ಲಾ ಪತ್ರಗಳನ್ನು ಬರೆದವನೂ ನಾನೇ ಅಲ್ಲವೇ.

ಏಳು ಹಾಳೆ ಬಂದವು. ಲಕ್ಕಮ್ಮ ಮೊದಲ ಹಾಳೆಯ ಅಂಚಿನ ಮೇಲೆ ಮತ್ತೆ ನಾಲ್ಕು ಬೆರಳಿಟ್ಟಳು. ಒಂದು ಅಕ್ಷರವೂ ಮುಚ್ಚಲಿಲ್ಲ. “ಈಗ ಸರಿಯಾಗೈತೆ,” ಎಂದಳು. ಇನ್ನೇನು ರುಜು ಬಿತ್ತು ಎಂದುಕೊಂಡು ನಾನು ಎರಡನೆಯ ಹಾಳೆ ಕೈಗೆತ್ತಿಕೊಂಡೆ. ಆಕೆ ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟು ತಮ್ಮನ ಕಡೆ ತಿರುಗಿದಳು.

“ಇವ್ನ ಕೇಳ್ದೆ, ಕಾಗ್ದದಾಗೆ ನಾಕು ಬೆರಳು ಬುಟ್ಟ. ಒಲದಾಗೆ ನೀನೆಷ್ಟು ಬುಡ್ತೀಯ, ಏಳ್ಲಾ ಕೃಷ್ಣ.”

ಕೃಷ್ಣಪ್ಪ ನನ್ನ ಮುಖ ನೋಡಿದ. ನಾನು ಗೌರೀಶನ ಸ್ಕೇಲನ್ನು ಅವನ ಮುಂದಕ್ಕೆ ಸರಿಸಿದೆ.