ಕವಚದೊಳಗಿನ ಮನುಷ್ಯ

ಆ ಮನುಷ್ಯನ ಮೇಲೆ ಶಾಂಭವಿಗೆ ಮೊದಲ ದಿನವೇ ಅನುಮಾನ ಬಂದಿತ್ತು...

ಹುಬ್ಬಳ್ಳಿಯಲ್ಲಿ ಅವಳದೊಂದು ಸಣ್ಣ ವಿಡಿಯೋ ಗೇಮ್ ಕಂಪನಿ. ಒಟ್ಟು ಆರು ಜನ. ಎರಡು ವರ್ಷದಿಂದ ಒಂದೇ ಗೇಮ್ ಮಾಡುತ್ತಿದ್ದರು.

ಮೋಟರ್ ಇರುವ ಉಕ್ಕಿನ ಯುದ್ಧಕವಚ ತೊಟ್ಟ ಸೈನಿಕನೇ ಅದರ ನಾಯಕ.

ಆದರೆ ಆಡಿದವರೆಲ್ಲ ಹೇಳಿದ್ದು ಒಂದೇ ಮಾತು... "ಕವಚ ಹಾಕ್ಕೊಂಡಂಗ ಅನಸೂದಿಲ್ರೀ. ಬನಿಯನ್ ಮ್ಯಾಲೆ ಓಡಿದಂಗ ಐತಿ."

ಭಾರ ಕಾಣಲೆಂದು ಅವಳು ನಡಿಗೆಯನ್ನು ನಿಧಾನ ಮಾಡಿದಳು. ಆಗ, "ಕೆಸರಿನಾಗ ಸಿಕ್ಕಂಗ ಆಗತೈತಿ" ಎಂದರು.

ಗೇಮನ್ನು ಮಾರುಕಟ್ಟೆಗೆ ತರುವ ದೊಡ್ಡ ಕಂಪನಿಯವರು ಮುಂದಿನ ತಿಂಗಳು ನೋಡಲು ಬರುವವರಿದ್ದರು. ಅವರು ಬೇಡವೆಂದರೆ ಆಫೀಸಿಗೆ ಬೀಗ ಹಾಕುವುದೇ ಗತಿ.

ಹಾಗಾಗಿ ಪ್ರತಿ ಶನಿವಾರ ಹೊರಗಿನವರನ್ನು ಕರೆದು ಗೇಮ್ ಆಡಿಸುತ್ತಿದ್ದಳು. ಬಂದವರು ಒಂದು ಫಾರ್ಮ್ ತುಂಬಬೇಕು. ಹೆಸರು, ವಯಸ್ಸು, ಮೊದಲು ಗೇಮ್ ಆಡಿದ್ದೀರಾ... ಅಷ್ಟೇ.

ಹಾಗೆ ಬಂದವರು ಫಕ್ಕೀರಪ್ಪ. ವಯಸ್ಸು ಅರವತ್ತೆರಡು. ಗೇಮ್ ಆಡಿಲ್ಲ.

ಉಳಿದವರೆಲ್ಲ ಗುಂಡಿನ ಮಳೆ ಸುರಿಸುತ್ತಿದ್ದರೆ, ಇವರು ಒಂದು ಗುಂಡನ್ನೂ ಹಾರಿಸಲಿಲ್ಲ. ಸೈನಿಕನನ್ನು ನಾಲ್ಕು ಹೆಜ್ಜೆ ನಡೆಸುವರು... ನಿಲ್ಲಿಸುವರು... ತಿರುಗಿಸುವರು... ನೋಟ್‌ಬುಕ್‌ನಲ್ಲಿ ಏನೋ ಬರೆದುಕೊಳ್ಳುವರು.

"ಅಕ್ಕಾ, ಈ ವಯಸ್ಸಿನಾಗ ಇವರಿಗೆ ಗೇಮ್ ಯಾಕ ಬೇಕು? ಯಾರೋ ಕಳಿಸ್ಯಾರ ನೋಡ್ರಿ" ಎಂದ, ಜೊತೆಗೆ ಕೆಲಸ ಮಾಡುವ ಇಮ್ತಿಯಾಜ್.

ಹಿಂದಿನ ವರ್ಷ ಅವರ ಒಂದು ಐಡಿಯಾ ಹೀಗೆಯೇ ಸೋರಿ, ಬೇರೆ ಯಾರದೋ ಗೇಮಿನಲ್ಲಿ ಕಾಣಿಸಿಕೊಂಡಿತ್ತು. ಶಾಂಭವಿ ಕಣ್ಣಿಟ್ಟು ಕಾಯತೊಡಗಿದಳು.

ಎರಡನೇ ಶನಿವಾರ ಅವರು ಕೇಳಿದರು, "ಈ ಕಾಲು ಹೆಂಗ ಇಡಬೇಕಂತ ಯಾರು ನಿರ್ಧಾರ ಮಾಡ್ತಾರ್ರಿ?"

ಶಾಂಭವಿಯ ಅನುಮಾನ ಗಟ್ಟಿಯಾಯಿತು.

ಮೂರನೇ ಶನಿವಾರ... ಫಕ್ಕೀರಪ್ಪ ಗೋಡೆಯ ಕಡೆ ತಿರುಗಿ, ಫೋನನ್ನು ಕಿವಿಗೆ ಒತ್ತಿಕೊಂಡು ಏನೋ ಕೇಳಿಸಿಕೊಳ್ಳುತ್ತಿದ್ದರು. ಶಾಂಭವಿಯನ್ನು ಕಂಡೊಡನೆ ಗಾಬರಿಯಿಂದ ಜೇಬಿಗೆ ಹಾಕಿಕೊಂಡರು.

"ಏನ್ ರೆಕಾರ್ಡ್ ಮಾಡ್ಕೊಂಡ್ರಿ? ಕೊಡ್ರಿ ಇಲ್ಲೆ!" ಎಂದಳು, ಎಲ್ಲರ ಎದುರೇ.

"ಅದು ನಿಮ್ಮ ಕೆಲಸದ್ದಲ್ರೀ ಮೇಡಮ್ಮರ... ಅದು..."

"ಯಾರು ಕಳಿಸ್ಯಾರ ನಿಮ್ಮನ್ನ?"

ಅವರು ಫೋನು, ನೋಟ್‌ಬುಕ್ ಎರಡನ್ನೂ ಮೇಜಿನ ಮೇಲಿಟ್ಟರು. ಅವಳು ರೆಕಾರ್ಡಿಂಗ್ ಹಾಕಿದಳು.

ಗೇಮಿನ ಸದ್ದಲ್ಲ... ಬರೀ ಉಸಿರಾಟ. ಮುಚ್ಚಿದ ಜಾಗದಲ್ಲಿ, ತನಗೇ ತಾಗಿ ಮರಳುವ ಭಾರವಾದ ಉಸಿರು.

ಯಾರೋ ಕಿಸಕ್ಕನೆ ನಕ್ಕರು. ಫಕ್ಕೀರಪ್ಪ ತಲೆ ತಗ್ಗಿಸಿದರು.

"ಬೈಕಿನ ಹೆಲ್ಮೆಟ್ ಹಾಕ್ಕೊಂಡು, ಗ್ಲಾಸ್ ಇಳಿಸಿ ಮನ್ಯಾಗ ರೆಕಾರ್ಡ್ ಮಾಡಿದ್ದೆ. ನಿಮ್ಮ ಸೈನಿಕಗ ತನ್ನ ಉಸಿರು ತನಗ ಕೇಳಸೂದಿಲ್ರೀ... ಕೊಡೂದೋ ಬ್ಯಾಡೋ ಅಂತ ನಾಚಿಕಿ ಆತು."

"ನಿಮಗ ಹೆಂಗ ಗೊತ್ತು ಇದೆಲ್ಲ?"

"ಪೊಲೀಸ್ ಬಾಂಬ್ ಸ್ಕ್ವಾಡ್‌ನ್ಯಾಗ ಹದಿನೆಂಟು ವರ್ಷ ಇದ್ದೆ. ಬಾಂಬ್ ತಗಿಯೂವಾಗ ಹಾಕ್ಕೊಳ್ಳೂ ಸೂಟ್ ಒಂದರದ್ದೇ ಮೂವತ್ತೈದು ಕಿಲೋ ಭಾರ. ನಿಮ್ಮ ಜಾಹೀರಾತಿನ್ಯಾಗ ಆ ಕವಚ ನೋಡೇ ಬಂದೆ."

ಶಾಂಭವಿ ರೆಕಾರ್ಡಿಂಗ್ ನಿಲ್ಲಿಸಿದಳು.

"ಮೊದಲೇ ಯಾಕ ಹೇಳಲಿಲ್ಲ?" ಶಾಂಭವಿಯ ದನಿ ಇಳಿದಿತ್ತು.

"ಫಾರ್ಮಿನ್ಯಾಗ ಕೇಳಿರಲಿಲ್ಲಲ್ರೀ."

ಅವಳು ನೋಟ್‌ಬುಕ್ ತೆರೆದಳು. ಪುಟದ ತುಂಬ ಪಾದಗಳ ಚಿತ್ರ, ಬಾಣದ ಗುರುತು. ಕಣ್ಣು ಮಂಜಾಯಿತು. "ತಪ್ಪಾತು ಕಾಕಾ..." ಎಂದು ಕುರ್ಚಿ ಎಳೆದು ಪಕ್ಕದಲ್ಲಿ ಕೂತಳು.

"ಇರಲಿ ಬಿಡು ತಂಗಿ. ನೋಡು, ಮೋಟರ್ ಭಾರ ಎತ್ತತೈತಿ, ಖರೆ. ಆದರ ಭಾರ ಎಲ್ಲೂ ಹೋಗಂಗಿಲ್ಲ. ಓಡೂವಾಗ ಜೋರು ಓಡಲಿ, ಗಕ್ಕನ ನಿಂದ್ರಾಕ ಬರಬಾರದು. ಇನ್ನೆರಡು ಹೆಜ್ಜಿ ಮುಂದ ತಳ್ಕೊಂಡು ಹೋಗಬೇಕು."

"ಬಟನ್ ಒತ್ತಿದ ಕೂಡಲೇ ಏನೂ ಆಗದಿದ್ದರ ಆಡೋರು ಬೈತಾರಲ್ಲ ಕಾಕಾ?"

"ಒತ್ತಿದ ಕೂಡಲೇ ಭುಜ ತಿರುಗಲಿ. ಆಮೇಲೆ ಎದಿ. ಕಾಲು ಕಡೀಕ. ಒಳಗಿನ ಮನಿಷಾ ಚುರುಕ ಇರ್ತಾನ ತಂಗಿ, ಹೊರಗಿನ ಕಬ್ಬಿಣ ಅವನ ಹಿಂದ ಬರತೈತಿ."

ಮರುದಿನ ಆಫೀಸಿನ ಅಂಗಳದಲ್ಲಿ ಇಮ್ತಿಯಾಜ್ ಮೈಗೆ ಮರಳಿನ ಚೀಲ ಕಟ್ಟಿಕೊಂಡು ನಡೆದ. ಹತ್ತು ಹೆಜ್ಜೆಗೇ ಏದುಸಿರು. ಮೂರು ವಾರ ಹಗಲೆಲ್ಲ ಅದೇ ಕೆಲಸ. ಹೆಲ್ಮೆಟ್ಟಿನೊಳಗಿನ ಆ ಉಸಿರೂ ಗೇಮಿಗೆ ಸೇರಿತು. ಫಕ್ಕೀರಪ್ಪ ತಮ್ಮ ಬದುಕಿನ ಒಂದು ದಿನವನ್ನೇ ಗೇಮಿಗೆ ಕೊಟ್ಟರು... ಖಾಲಿ ಬಸ್ ಸ್ಟ್ಯಾಂಡ್, ನಡುವೆ ಬಾಂಬ್ ಇರಬಹುದಾದ ಒಂದು ಚೀಲ, ಅದರ ಕಡೆ ಒಬ್ಬನೇ ನಡೆದು ಹೋಗುವ ಮನುಷ್ಯ.

ದೊಡ್ಡ ಕಂಪನಿಯವರು ಬಂದರು. ಅವರಲ್ಲಿ ಆಡಿದಾತ ಹತ್ತು ನಿಮಿಷ ಕಂಟ್ರೋಲರ್ ಕೆಳಗಿಡಲಿಲ್ಲ. ಆಮೇಲೆ ತನ್ನ ಕಾಲರ್ ಗುಂಡಿ ಬಿಚ್ಚಿಕೊಂಡು, "ಒಳಗೆ ನಾನೇ ಇದ್ದೆ ಅನ್ನಿಸಿತು" ಎಂದ. ಗೇಮ್ ಒಪ್ಪಿಗೆಯಾಯಿತು.

ಆ ಖುಷಿಗೆ ಶಾಂಭವಿ ಫಕ್ಕೀರಪ್ಪನವರನ್ನೂ ಅವರ ಹೆಂಡತಿ ದ್ಯಾಮವ್ವನನ್ನೂ ಆಫೀಸಿಗೆ ಊಟಕ್ಕೆ ಕರೆದಳು. ಊಟವಾದ ಮೇಲೆ ದ್ಯಾಮವ್ವನ ಕೈಗೆ ಕಂಟ್ರೋಲರ್ ಕೊಟ್ಟು, ಬಸ್ ಸ್ಟ್ಯಾಂಡ್ ತೋರಿಸಿದಳು.

ದ್ಯಾಮವ್ವ ನಡೆಸಿದರು... ಒಂದೊಂದೇ ಹೆಜ್ಜೆ. ಚೀಲ ಇನ್ನೂ ದೂರವಿತ್ತು. ಅರ್ಧ ದಾರಿಯಲ್ಲೇ ಕಂಟ್ರೋಲರ್ ಕೆಳಗಿಟ್ಟರು.

"ದಿನಾ ಹಿಂಗ ಹೋಗತಿದ್ರೇನ್ರೀ... ಒಬ್ಬರ?"

"ಹೂಂ."

"ಪೊಲೀಸ್ ಕೆಲಸ ಅಂತಷ್ಟ ಹೇಳಿದ್ರಿ. ಮನಿಗೆ ಬಂದು ಗೋಡಿ ನೋಡ್ಕೋತ ಕುಂದರತಿದ್ರಿ. ಕೇಳಿದರ ಏನಿಲ್ಲ ಅಂತಿದ್ರಿ. ನಾ ಏನೇನೋ ತಿಳ್ಕೊಂಡೆ... ಬ್ಯಾರೆ ಸಂಸಾರ ಐತೇನೋ ಅಂತ ನಿಮ್ಮ ಅಂಗಿ ಕಿಸೆನೂ ಹುಡುಕೀನ್ರೀ..."

"ನೀ ಅಂಜತಿ ಅಂತ ಹೇಳಲಿಲ್ಲ" ಎಂದರು ಫಕ್ಕೀರಪ್ಪ.

ದ್ಯಾಮವ್ವ ಗಂಡನ ಎರಡೂ ಕೈ ಹಿಡಿದುಕೊಂಡು, ಮುಖಕ್ಕೆ ಒತ್ತಿಕೊಂಡು ಅತ್ತರು.

ಶಾಂಭವಿ ಸದ್ದಿಲ್ಲದೆ ಬಾಗಿಲು ಎಳೆದುಕೊಂಡು ಹೊರಗೆ ಬಂದಳು...

*

ಮಾತಾಡದವರೆಲ್ಲ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದಲ್ಲ... ಕೆಲವರನ್ನು ನಾವು ಸರಿಯಾಗಿ ಕೇಳಿಯೇ ಇರುವುದಿಲ್ಲ.

ನೀವು ಅನುಮಾನದಿಂದ ನೋಡುತ್ತಿರುವ ಆ ಒಬ್ಬರ ಪಕ್ಕ ಕೂತು, ಅವರು ಯಾವ ಭಾರ ಹೊತ್ತು ಬಂದಿದ್ದಾರೆ ಎಂದು ಒಮ್ಮೆಯಾದರೂ ಕೇಳಿದ್ದೀರಾ?