ಹಸಿಂತಾ ತೋರಿಸಿದ ಜಾಗ

"ಅಲ್ಲಲ್ಲ, ಇಲ್ಲಿ ಅಗೀರಿ!" ಹಸಿಂತಾ ಕೋಲನ್ನು ನೆಲಕ್ಕೆ ಕುಟ್ಟಿದಳು.

ಉತ್ಖನನ ತಂಡದ ಮುಖ್ಯಸ್ಥೆ ಲಿಸೆತ್‌ಗೆ ರೇಗಿತು. ಮಡಕೆಚೂರುಗಳನ್ನು ಶಾಲಿನಲ್ಲಿ ಕಟ್ಟಿಕೊಂಡು ಬಂದು, "ಈ ಗುಡ್ಡದಲ್ಲೇ ಸಿಕ್ಕವು" ಎಂದಿದ್ದವಳು ಇದೇ ಮುದುಕಿ. ಚೂರುಗಳು ಸಾವಿರ ವರ್ಷದವು, ಅದರಲ್ಲಿ ಸುಳ್ಳಿರಲಿಲ್ಲ. ಆ ವರ್ಷ ರೇಡಿಯೊ ತುಂಬ ಅಗೆತದ್ದೇ ಸುದ್ದಿ. ಪೆರುವಿನಲ್ಲಿ ಗೋರಿ, ಈಜಿಪ್ಟಿನಲ್ಲಿ ಶವಪೆಟ್ಟಿಗೆ, ಮೆಕ್ಸಿಕೋದ ಕಾಡಿನಲ್ಲಿ ಊರಿಗೆ ಊರೇ. ಗ್ವಾಟೆಮಾಲಾದ ಈ ಬೆಟ್ಟದೂರಿಗೂ ಒಬ್ಬ ರಾಜ ಸಿಗಲಿ ಎಂದು ಲಿಸೆತ್ ಪರವಾನಗಿ ತಂದಿದ್ದಳು. ಮೂರು ವಾರ ಅಗೆದರೂ ಸಿಕ್ಕಿದ್ದು ಬರೀ ಕೆಮ್ಮಣ್ಣು.

"ನಿನ್ನ ರಾಜ ಎದ್ದನೇನೇ, ಹಸಿಂತಾ?" ಮುದುಕ ತೋಮಾಸ್ ಬೇಲಿಯಾಚೆಯಿಂದ ನಗುತ್ತ ಕೂಗಿದ.

"ಏಳ್ತಾನೆ. ಆಗ ನಿನ್ನ ಮುಖ ಎಲ್ಲಿಟ್ಕೋತೀಯೋ ನೋಡ್ಕೋ."

ತೋಮಾಸ್‌ನ ನಗು ಅಲ್ಲಿಗೇ ನಿಂತಿತು.

"ಸಾಕು ಅಜ್ಜಿ. ಇವತ್ತೇ ಗುಂಡಿ ಮುಚ್ತೀವಿ," ಎಂದಳು ಲಿಸೆತ್.

ಹಸಿಂತಾ ಸರಸರನೆ ಗುಂಡಿಗಿಳಿದು ಚಕ್ಕಂಬಕ್ಕಳ ಹಾಕಿ ಕೂತಳು. ಬುತ್ತಿ ಬಿಚ್ಚಿ ಜೋಳದ ಕಡುಬಿನಂಥ ತಮಾಲೆ ತಿನ್ನತೊಡಗಿದಳು. "ಮುಚ್ಚಿ. ನನ್ನನ್ನೂ ಸೇರಿಸಿಯೇ ಮುಚ್ಚಿ."

ಕೂಲಿಯವರು ಸನಿಕೆ ಹಿಡಿದು ಮುಖ ಮುಖ ನೋಡಿಕೊಂಡರು. ಲಿಸೆತ್ ಸೋತಳು. "ಇನ್ನೊಂದು ಮೊಳ. ಅಷ್ಟೇ."

ಮಧ್ಯಾಹ್ನದ ಹೊತ್ತಿಗೆ ಮೂಳೆ ಕಂಡಿತು. ಲಿಸೆತ್ ಬ್ರಷ್‌ನಿಂದ ಮಣ್ಣು ಸರಿಸಿದಳು. ಎರಡು ಮುಂಗೈಗಳು. ಎರಡನ್ನೂ ಸೇರಿಸಿ ಬಿಗಿದಿದ್ದ ಹಗ್ಗ. ನೈಲಾನ್ ಹಗ್ಗ! ಪಕ್ಕದಲ್ಲೊಂದು ರಬ್ಬರ್ ಬೂಟು.

"ಅಜ್ಜಿ, ಇದು ರಾಜ ಅಲ್ಲ," ಎಂದಳು ಲಿಸೆತ್. "ಹೂತು ಹೆಚ್ಚಂದ್ರೆ ನಲವತ್ತು ವರ್ಷ."

"ನಲವತ್ತೆರಡು," ಎಂದಳು ಹಸಿಂತಾ. ಬಗ್ಗಿ ಆ ಬೂಟನ್ನು ಸವರಿದಳು. "ಗಾಸ್ಪಾರ್. ನನ್ನ ಗಂಡ. ಸೈನ್ಯದ ಬಂದೂಕಿನವರು ಎಳ್ಕೊಂಡು ಬಂದು ಇಲ್ಲಿ ಹೂತಿದ್ದನ್ನ ಜೋಳದ ಮರೆಯಲ್ಲಿ ಕೂತು ನೋಡಿದೀನಿ. ಅವರಿಗೆ ನಮ್ಮನೆ ತೋರಿಸಿಕೊಟ್ಟವನು ಬೇಲಿ ಹತ್ರ ನಿಂತಿದಾನೆ ನೋಡಿ."

ಎಲ್ಲರೂ ತಿರುಗಿದರು. ತೋಮಾಸ್ ಆಗಲೇ ಬೆನ್ನು ಹಾಕಿದ್ದ.

"ಅಗೆಸಿಕೊಡಿ ಅಂತ ಕಚೇರಿ ಕಚೇರಿ ಅಲೆದೆ. ಹಳೇ ಕಥೆ ಬಿಡಮ್ಮ ಅಂದ್ರು. ಸಾವಿರ ವರ್ಷ ಹಳೇದಾದ್ರೆ ಮಾತ್ರ ಓಡಿ ಬರ್ತೀರಲ್ಲ ನೀವು!"

"ಹಾಗಾದ್ರೆ ಆ ಮಡಕೆಚೂರು?"

"ಹೊಳೆಯಾಚೆ ನಮ್ಮ ಹೊಲದ್ದು. ನಿಮ್ಮ ರಾಜ ಅಲ್ಲೆಲ್ಲೋ ಇರ್ತಾನೆ. ಇಲ್ಲಿ ಇನ್ನೂ ಹದಿನಾಲ್ಕು ಜನ ಇದಾರೆ, ಮೊದಲು ಅವರನ್ನ ಎತ್ತಿ. ಆಮೇಲೆ ತೋರಿಸ್ತೀನಿ."