ಮೆತ್ತಿದ ಮಣ್ಣು

ಮಳೆಗಾಲ ಮುಗಿದ ಮೂರನೇ ದಿನ ಬೇಲಿಯ ಬೀಗ ತೆಗೆದು ಒಳಗೆ ಹೋದ ಇಂಜಿನಿಯರಿಗೆ ನಗು ತಡೆಯಲಾಗಲಿಲ್ಲ. ನೆಲದಡಿಯಿಂದ ಅಗೆದು ತೆಗೆದ, ಸುಡದ ಹಸಿ ಇಟ್ಟಿಗೆಯ ಆ ಪುರಾತನ ಗೋಡೆಯ ಎಡಭಾಗಕ್ಕೆ ಅವರು ಹೊಡೆಸಿದ್ದ ರಾಸಾಯನಿಕ ದ್ರಾವಣ ಇನ್ನೂ ಹೊಳೆಯುತ್ತಿತ್ತು. ಬಲಭಾಗಕ್ಕೆ ಮೇಸ್ತ್ರಿಯಮ್ಮ ಮೆತ್ತಿದ್ದ ಹುಲ್ಲು ಬೆರೆಸಿದ ಮಣ್ಣು ಮಾತ್ರ ಮುಕ್ಕಾಲುಪಾಲು ಕರಗಿ ಬುಡದಲ್ಲಿ ರಾಶಿ ಬಿದ್ದಿತ್ತು.

ಯಾರ ಪಾಲು ಮಳೆಗೆ ಉಳಿಯುತ್ತದೋ ಮಿಕ್ಕ ನಲವತ್ತು ಗೋಡೆಗಳೂ ಅವರ ಕೈಗೇ ಎಂದು ಪುರಾತತ್ವ ಕಚೇರಿಯವರು ಹೇಳಿದ್ದರು. ಸೋತವರು ಗಂಟುಮೂಟೆ ಕಟ್ಟಬೇಕು.

"ಆಗ್ಲೇ ಹೇಳಿರ್ಲಿಲ್ವಾ ಅಮ್ಮ? ಮಣ್ಣಿಗೆ ಮಣ್ಣು ಬಳಿದ್ರೆ ಏನು ಉಳಿಯುತ್ತೆ?" ಎಂದರು ಇಂಜಿನಿಯರು, ಸೊಸೆಯ ಜೊತೆ ಹಿಂದೆಯೇ ಬಂದ ಮೇಸ್ತ್ರಿಯಮ್ಮನಿಗೆ.

ಮೇಸ್ತ್ರಿಯಮ್ಮನ ಸೊಸೆಯ ಮುಖ ಸಪ್ಪಗಾಯಿತು. "ಹೋಗೋಣ ಬನ್ನಿ ಅತ್ತೆ," ಎಂದು ಅವಳು ಕರಣೆಗಳನ್ನು ಬುಟ್ಟಿಗೆ ತುಂಬತೊಡಗಿದಳು.

"ಒಂದು ಇಲ್ಲಿ ಕೊಡೇ," ಎಂದು ಮೇಸ್ತ್ರಿಯಮ್ಮ ಕರಣೆ ಇಸಿದುಕೊಂಡು, ಗೋಡೆಗೆ ಅಂಟಿಕೊಂಡಿದ್ದ ತೆಳು ಮಣ್ಣನ್ನು ಮೆಲ್ಲಗೆ ಕೆರೆದಳು. ಒಳಗೆ ಇಟ್ಟಿಗೆಗಳು ಒಣಗಿ ಬೆಚ್ಚಗಿದ್ದವು. ಒಂದು ಮೂಲೆಯೂ ಮುಕ್ಕಾಗಿರಲಿಲ್ಲ. ಅವನ್ನು ಎಂದೋ ತಟ್ಟಿದವನ ನಾಲ್ಕು ಬೆರಳ ಗುರುತು ಕೂಡ ಹಾಗೇ ಇತ್ತು.

"ಈಗ ನಿಮ್ಮದನ್ನ ಒಂಚೂರು ತಟ್ಟಿ ನೋಡಿ ಸಾಹೇಬ್ರೆ."

ಇಂಜಿನಿಯರು ಬೆರಳ ಗೆಣ್ಣಿನಿಂದ ತಟ್ಟಿದರು. ಖಾಲಿ ಡಬ್ಬದ ಸದ್ದು ಬಂತು. ಮತ್ತೊಮ್ಮೆ ತಟ್ಟಿದ್ದೇ ತಡ, ಹೊಳೆಯುವ ಪದರ ತಟ್ಟೆಯಗಲ ಕಳಚಿ ಬಿತ್ತು. ಅದರ ಬೆನ್ನಿಗೆ ಅಂಟಿಕೊಂಡು ಮೂರು ಇಂಚು ಇಟ್ಟಿಗೆಯೂ ಬಂತು. ನೆಲದಿಂದ ಏರಿದ ತೇವ ಹೊರಗೆ ಹೋಗಲು ದಾರಿ ಕಾಣದೆ ಒಳಗೇ ಕೂತು ಗೋಡೆಯನ್ನು ತಿಂದಿತ್ತು.

"ಮೇಲೆ ಥಳಕು, ಒಳಗೆ ಹುಳುಕು," ಎಂದು ಸೊಸೆ ಬುಟ್ಟಿಯ ಕಡೆ ನೋಡಿಕೊಂಡು ಗೊಣಗಿದಳು.

"ಸುಮ್ನಿರೇ," ಎಂದು ಅತ್ತೆ ಗದರಿದರೂ ಅವಳಿಗೆ ಒಳಗೊಳಗೇ ಕುಣಿಯುವಷ್ಟು ಖುಷಿಯಾಗಿತ್ತು. "ಮಳೆಗೆ ಏನೋ ಒಂದು ತಿನ್ನೋಕೆ ಬೇಕು ಸಾಹೇಬ್ರೆ. ನಾನು ಮೆತ್ತಿದ್ದನ್ನ ತಿಂದ್ಕೊಂಡು ಹೋಯ್ತು. ಗೋಡೆ ಮುಟ್ಟಲಿಲ್ಲ."

ಇಂಜಿನಿಯರು ಕೆಟ್ಟ ಮನುಷ್ಯರೇನಲ್ಲ, ಬೆರಳ ಗುರುತಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅದನ್ನೇ ನೋಡಿದರು. ಆಮೇಲೆ ಜೇಬಿನಿಂದ ವರದಿಯ ಹಾಳೆ ತೆಗೆದು, ತಮ್ಮ ಹೆಸರಿನ ಮೇಲೆ ತಾವೇ ಗೀಟು ಎಳೆದರು.

"ನಲವತ್ತೂ ನಿಮ್ಮವೇ ಅಮ್ಮ. ಇಲ್ಲಿ ಬಾಳಿಕೆ ಅಂತ ಒಂದು ಕಾಲಂ ಇದೆ. ನಿಮ್ಮ ಮಣ್ಣಿಗೆ ಎಷ್ಟು ವರ್ಷ ಬರೀಲಿ?"

"ಒಂದು ಮಳೆಗಾಲ. ವರ್ಷ ವರ್ಷ ತುಳಿದು ಮತ್ತೆ ಮೆತ್ಬೇಕು."

"ಒಂದೇನಾ? ಮತ್ತೆ ಗೋಡೆಗೆ?"

ಮೇಸ್ತ್ರಿಯಮ್ಮ ತಿರುಗಿ ನೋಡಿದಳು. ಸೊಸೆ ಆಗಲೇ ಬಟ್ಟೆಯನ್ನು ಮೊಣಕಾಲವರೆಗೆ ಎತ್ತಿ ಕಟ್ಟಿ, ಬುಡದಲ್ಲಿ ಬಿದ್ದಿದ್ದ ಅದೇ ಮಣ್ಣಿಗೆ ನೀರು ಹುಯ್ದು ತುಳಿಯತೊಡಗಿದ್ದಳು.

"ಅದನ್ನ ಅವಳ ಕಾಲನ್ನ ಕೇಳಿ ಬರ್ಕೊಳ್ಳಿ."